ಘಟಪ್ರಭೆಯ ದಂಡೆಯಲ್ಲಿ ಧಾನ್ಯವಿಲ್ಲದ ಸಿಹಿ

ಬಾಗಲಕೋಟೆಯಿಂದ ಪಶ್ಚಿಮಕ್ಕೆ ಹೊರಟು, ಲೋಕಾಪುರದ ಸುಣ್ಣಕಲ್ಲಿನ ನೆಲವನ್ನು ದಾಟಿ ಮುಂದೆ ಸಾಗಿದರೆ ಭೂಮಿಯ ಬಣ್ಣವೇ ಬದಲಾಗುತ್ತದೆ. ಕಪ್ಪು ಎರೆಮಣ್ಣು, ಅದರ ಮೇಲೆ ಕಣ್ಣು ಹಾಯುವವರೆಗೂ ಕಬ್ಬು, ನಡುನಡುವೆ ಬಿಳಿಜೋಳದ ತೆನೆ ತೂಗುವ ಹೊಲ. ಘಟಪ್ರಭೆಯು ಬಳಸಿ ಹರಿಯುವ ಈ ಸೀಮೆಯೇ ಮುಧೋಳ. ಪ್ರಾಚೀನರು ಇದನ್ನು ಮುದುವೊಳಲು ಎಂದರು. ಕವಿಚಕ್ರವರ್ತಿ ರನ್ನನು ಬಳೆಗಾರರ ಮನೆಯಲ್ಲಿ ಜನಿಸಿದ್ದು ಇಲ್ಲಿಯೇ. ಘೋರ್ಪಡೆ ಮನೆತನದವರು ಆಳಿದ ಈ ಪುಟ್ಟ ಸಂಸ್ಥಾನವು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಬಳಿಕ ವಿಜಾಪುರ ಜಿಲ್ಲೆಯ ತಾಲ್ಲೂಕಾಗಿದ್ದು, ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆ ರಚನೆಯಾದಾಗ ಅದರಲ್ಲಿ ಸೇರಿತು. ಮುಧೋಳದ ನಾಯಿಯ ಕೀರ್ತಿಯಂತೂ ದೇಶದ ಗಡಿಯನ್ನು ದಾಟಿದೆ. ಆದರೆ ಈ ಬಾರಿ ನಾವು ಹೇಳಹೊರಟಿರುವುದು ಕವಿಯ ಕಥೆಯನ್ನಲ್ಲ, ಅರಸರ ಕಥೆಯನ್ನೂ ಅಲ್ಲ. ಇಲ್ಲಿಯ ಒಂದು ಮನೆಯ ಒಲೆಯ ಮುಂದೆ ನಮಗೆ ದೊರೆತ ವಿಚಾರವನ್ನು.

ನಾವು ಮುಧೋಳಕ್ಕೆ ಹೋದದ್ದು ಎಳ್ಳಮಾವಾಸ್ಯೆಯ ಸಮಯದಲ್ಲಿ. ಆ ಹೊತ್ತಿಗೆ ಕಬ್ಬು ನುರಿಸುವ ಹಂಗಾಮು ಭರದಿಂದ ನಡೆದಿರುತ್ತದೆ. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಅಲ್ಲಲ್ಲಿ ಗಾಣದ ಮನೆಯ ಕೊಪ್ಪರಿಗೆಯಿಂದ ಏಳುವ ಬೆಲ್ಲದ ಹಬೆ. ಸಮೀಪದ ಮಹಾಲಿಂಗಪುರದ ಬೆಲ್ಲದ ಪೇಟೆ ಸುತ್ತಲಿನ ನಾಡಿಗೆಲ್ಲ ಪರಿಚಿತವಾದುದು. ಎಳ್ಳಮಾವಾಸ್ಯೆಯೆಂದರೆ ಒಕ್ಕಲಿಗನು ಭೂತಾಯಿಗೆ ಉಡಿ ತುಂಬುವ ದಿನ. ಎಳ್ಳು ಹಚ್ಚಿದ ಸಜ್ಜಿಯ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಪಲ್ಯ, ಚಟ್ನಿಗಳ ಬುತ್ತಿಯನ್ನು ಕಟ್ಟಿಕೊಂಡು, ಬಂಡಿ ಹೂಡಿ, ಬಂಧುಬಳಗದೊಡನೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬಳಿಕ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು ಪದ್ಧತಿ.

ನಾವು ಇಳಿದುಕೊಂಡಿದ್ದ ಮನೆಯಲ್ಲಿ ಎಂಟು ವರ್ಷದ ಬಾಲೆಯೊಬ್ಬಳಿದ್ದಳು. ಅವಳಿಗೆ ಗೋಧಿ ಒಗ್ಗದು. ಒಗ್ಗದು ಎಂದರೆ ಬರಿಯ ಅಜೀರ್ಣವಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟುಸತ್ವವು ಕರುಳಿನ ಒಳಪದರವನ್ನೇ ಕೆಡಿಸುವ ಸೀಲಿಯಾಕ್ ಎಂಬ ವ್ಯಾಧಿ. ಎರಡು ವರ್ಷಗಳ ಹಿಂದೆ ವೈದ್ಯರು ರಕ್ತಪರೀಕ್ಷೆ ಮಾಡಿ, ಕರುಳಿನ ತುಣುಕನ್ನು ತೆಗೆದು ನೋಡಿ ನಿಶ್ಚಯಿಸಿದ್ದರು. ಅದಕ್ಕೆ ಮೊದಲು ಮಗು ಸೊರಗಿ, ಹೊಟ್ಟೆ ಉಬ್ಬಿ, ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಇತ್ತಂತೆ. ಈಗ ಚೇತರಿಸಿಕೊಂಡು ಗೆಲುವಾಗಿದ್ದಾಳೆ. ಆದರೆ ಹಿಂದಿನ ವರ್ಷ ಹೊಲದ ಪಂಕ್ತಿಯಲ್ಲಿ ಎಲ್ಲ ಮಕ್ಕಳ ಎಲೆಗೂ ಹೋಳಿಗೆ ಬಿದ್ದಾಗ ಇವಳ ಎಲೆ ಮಾತ್ರ ಖಾಲಿ ಉಳಿಯಿತೆಂದೂ, ಮಗು ಅಳಲಿಲ್ಲ, ಎದ್ದು ಹೋಗಿ ಬಂಡಿಯ ಮರೆಯಲ್ಲಿ ಕುಳಿತಿತೆಂದೂ ಅಜ್ಜಿ ನಮಗೆ ಹೇಳಿದರು. ‘ದಾಸೋಹದ ಮನಿಯಾಗ ಪಂಕ್ತಿಭೇದ ಆತಲ್ಲರಿ’ ಎಂದ ಆ ತಾಯಿಯ ಮಾತು ನಮ್ಮ ಎದೆಗೆ ನಾಟಿತು. ಬಸವಾದಿ ಶರಣರು ಒಡೆದು ಹಾಕಿದ ಪಂಕ್ತಿಭೇದ ಕುಲದ್ದು. ಇದು ರೋಗ ತಂದಿಟ್ಟದ್ದು. ಆದರೂ ಎಲೆ ಖಾಲಿಯಾದ ನೋವು ಒಂದೇ ಅಲ್ಲವೇ?

ಮಗು ಹೀಗಿರುವುದನ್ನು ತಿಳಿದು, ದೂರದ ಊರಿನಲ್ಲಿ ನೆಲೆಸಿದ ಅವಳ ಚಿಕ್ಕಮ್ಮ ಒಂದು ಹೊಸ ಮತವನ್ನು ಮನೆಗೆ ತಂದಿದ್ದರು. ‘ಪೇಲಿಯೋ’ ಎಂದು ಅದರ ಹೆಸರು. ಶಿಲಾಯುಗದ ಆಹಾರ ಎಂದು ಅರ್ಥ. ಕೃಷಿ ಹುಟ್ಟುವ ಮೊದಲು ಮನುಷ್ಯನು ಧಾನ್ಯ ತಿನ್ನಲಿಲ್ಲ, ಆದುದರಿಂದ ಅವನ ದೇಹ ಧಾನ್ಯಕ್ಕೆ ಹೊಂದದು. ಜೋಳ, ಅಕ್ಕಿ, ಗೋಧಿ, ಬೇಳೆ, ಹಾಲು, ಸಕ್ಕರೆಗಳನ್ನೆಲ್ಲ ಬಿಟ್ಟು ಹಣ್ಣು, ತರಕಾರಿ, ಬೀಜ, ಮಾಂಸಗಳನ್ನು ತಿನ್ನಬೇಕು ಎಂಬುದು ಇದರ ಸಾರ. ೧೯೮೫ರಲ್ಲಿ ಅಮೆರಿಕದ ಈಟನ್ ಮತ್ತು ಕಾನರ್ ಎಂಬ ವಿದ್ವಾಂಸರು ಈ ವಿಚಾರವನ್ನು ವೈದ್ಯಪತ್ರಿಕೆಯೊಂದರಲ್ಲಿ ಮಂಡಿಸಿದರು. ೨೦೦೨ರಲ್ಲಿ ಲೋರೆನ್ ಕಾರ್ಡೇನ್ ಎಂಬವರ ಪುಸ್ತಕದಿಂದ ಅದು ಮನೆಮಾತಾಯಿತು. ಬಾದಾಮಿ, ತೆಂಗುಗಳ ಹಿಟ್ಟಿನಿಂದ ಮನೆಯಲ್ಲಿಯೇ ಬಿಸ್ಕತ್ತು, ಕೇಕುಗಳನ್ನು ಬೇಯಿಸುವ ರೂಢಿಯೂ ಅದರೊಡನೆ ಹಬ್ಬಿತು. ರೊಟ್ಟಿಯ ನಾಡಿನಲ್ಲಿ ರೊಟ್ಟಿಯನ್ನೇ ಬಿಡಬೇಕೆಂದಾಗ ಮನೆಯಲ್ಲಿ ಚರ್ಚೆ ಎದ್ದದ್ದು ಸಹಜವೇ.

ಈ ಚರ್ಚೆಗೆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಘಟಪ್ರಭೆಯ ದಂಡೆಯನ್ನೇ ಹಿಡಿದು ಕೆಳಗೆ ಹೋದರೆ ಬೀಳಗಿ ತಾಲ್ಲೂಕಿನ ಅನಗವಾಡಿ ಸಿಗುತ್ತದೆ. ಅಲ್ಲಿಯ ನದಿಯ ಜಲ್ಲಿಪದರಗಳಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಗಳು ದೊರೆತಿವೆ, ಪುರಾತತ್ತ್ವಜ್ಞ ಆರ್. ಎಸ್. ಪಪ್ಪು ಅವರು ಅವನ್ನು ಅಭ್ಯಾಸ ಮಾಡಿದರು. ಇದಕ್ಕೂ ಬಹು ಹಿಂದೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ಸುತ್ತಿ, ದಕ್ಷಿಣ ಮರಾಠಾ ಪ್ರದೇಶದ ಭೂರಚನೆಯನ್ನು ಕುರಿತು ೧೮೭೬ರಲ್ಲಿ ಗ್ರಂಥ ಪ್ರಕಟಿಸಿದ್ದರು. ಎಂದರೆ, ಯಾವ ಶಿಲಾಯುಗದ ಹೆಸರಿನಲ್ಲಿ ಇಂದು ಪಥ್ಯ ಹೇಳುತ್ತಾರೋ ಆ ಯುಗದ ಜನ ನಮ್ಮ ಹೊಳೆಯ ನೀರನ್ನೇ ಕುಡಿದವರು. ಅವರು ಏನೇನು ತಿಂದರೆಂಬುದನ್ನು ಕಲ್ಲು ಹೇಳುವುದಿಲ್ಲ. ಆದರೆ ಬೇರೆಡೆಯ ಶೋಧನೆಗಳು ಕೆಲವನ್ನು ಹೇಳಿವೆ. ಇಟಲಿಯ ಬಿಲಾಂಚಿನೋ ಎಂಬಲ್ಲಿ ಸುಮಾರು ೩೦,೦೦೦ ವರ್ಷ ಹಳೆಯ ಅರೆಯುವ ಕಲ್ಲಿನ ಮೇಲೆ ಜೊಂಡುಗಡ್ಡೆಯ ಹಿಟ್ಟಿನ ಕಣಗಳು ಸಿಕ್ಕಿವೆ. ಜೋರ್ಡಾನ್ ದೇಶದಲ್ಲಿ ೧೪,೦೦೦ಕ್ಕೂ ಹೆಚ್ಚು ವರ್ಷ ಹಳೆಯದಾದ, ಕೃಷಿಗಿಂತಲೂ ಮೊದಲಿನ ರೊಟ್ಟಿಯ ಸುಟ್ಟ ತುಣುಕುಗಳು ದೊರೆತದ್ದು ೨೦೧೮ರಲ್ಲಿ ಪ್ರಕಟವಾಯಿತು. ಆದುದರಿಂದ ಹಿಟ್ಟು, ರೊಟ್ಟಿಗಳು ಮನುಷ್ಯನಿಗೆ ನಿನ್ನೆ ಮೊನ್ನೆ ಬಂದವಲ್ಲ.

ಇನ್ನು ನಮ್ಮ ‘ಹಿರಿಯರ ಆಹಾರ’ದ ಮಾತು. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಕರ್ನಾಟಕದ ಬಯಲುಸೀಮೆಯಲ್ಲಿ ಮೊದಲ ಬೇಸಾಯ ತೊಡಗಿದಾಗ ಬೆಳೆದದ್ದು ಹುರುಳಿ, ಹೆಸರು ಮತ್ತು ಕೊರಲೆಯಂತಹ ಕಿರುಧಾನ್ಯಗಳನ್ನು. ಜೋಳದ ತವರು ಆಫ್ರಿಕಾ ಖಂಡ. ಅದು ಬಂದದ್ದು ಅನಂತರ. ಶೇಂಗಾ ಮತ್ತು ಮೆಣಸಿನಕಾಯಿಗಳಂತೂ ಪೋರ್ಚುಗೀಸರ ಕಾಲದ ತರುವಾಯ ಅಮೆರಿಕ ಖಂಡದಿಂದ ಬಂದವು. ಮುಧೋಳದ ಅಜ್ಜಿಯ ಬುತ್ತಿಯಲ್ಲಿ ಮೂರು ಖಂಡಗಳು ಕೂಡಿವೆ ಎಂದರೆ ತಪ್ಪಾಗದು. ಬಂದುದನ್ನು ಹದವರಿತು ತನ್ನದಾಗಿಸಿಕೊಂಡದ್ದೇ ನಮ್ಮ ಹೆಣ್ಣುಮಕ್ಕಳ ಜಾಣ್ಮೆ. ಅಂತೆಯೇ ಈ ಹೊಸ ಮತದಿಂದಲೂ ಬೇಕಾದುದನ್ನು ಆಯ್ದುಕೊಂಡು ಬೇಡವಾದುದನ್ನು ಬಿಡುವುದು ಅಜ್ಜಿಗೆ ಕಷ್ಟವೆನಿಸಲಿಲ್ಲ.

ಬಿಟ್ಟದ್ದು ಏನು? ಎಲ್ಲ ಧಾನ್ಯವನ್ನೂ ತ್ಯಜಿಸಬೇಕೆಂಬ ಹಟವನ್ನು. ಈ ವ್ಯಾಧಿಗೆ ವಿಷವಾದವು ಗೋಧಿ, ಬಾರ್ಲಿ, ರೈ ಎಂಬ ಮೂರು. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಂ ಡಿಕ್ಕೆ ಎಂಬವರು ಗೋಧಿಯೇ ಇದಕ್ಕೆ ಮೂಲವೆಂದು ೧೯೫೦ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಆ ದೇಶದಲ್ಲಿ ಬ್ರೆಡ್ಡಿಗೆ ಬರ ಬಂದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡದ್ದನ್ನು ಅವರು ಕಂಡಿದ್ದರು. ಜೋಳ, ಸಜ್ಜಿ, ಅಕ್ಕಿ, ರಾಗಿ, ಮೆಕ್ಕೆಜೋಳಗಳಲ್ಲಿ ಆ ದೋಷವಿಲ್ಲ. ಆದುದರಿಂದ ಮಗುವಿಗೆ ಬಿಳಿಜೋಳದ ರೊಟ್ಟಿಯೇ ದಿನನಿತ್ಯದ ಆಧಾರ. ಹೀಗೆ ನೋಡಿದರೆ ಉತ್ತರ ಕರ್ನಾಟಕದ ಬಡವನ ರೊಟ್ಟಿ ಆ ಕೂಸಿಗೆ ಸಂಜೀವಿನಿಯೇ ಆಯಿತು.

ಆದರೆ ಇಲ್ಲಿ ಒಂದು ಎಚ್ಚರಿಕೆಯುಂಟು. ಊರಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳವನ್ನೂ ಸುರಿಯುತ್ತಾರೆ. ಕಣ್ಣಿಗೆ ಕಾಣದಷ್ಟು ಗೋಧಿಹಿಟ್ಟು ಬೆರೆತರೂ ಇಂತಹ ಮಗುವಿಗೆ ಅಪಾಯ. ಜೋಳದ ರೊಟ್ಟಿಯನ್ನೇ ಉಣ್ಣುತ್ತಿದ್ದರೂ ಮಗು ಮತ್ತೆ ಸೊರಗತೊಡಗಿದಾಗ ಈ ಗುಟ್ಟು ತಿಳಿಯಿತಂತೆ. ಆಗ ಅಜ್ಜಿ ಹಿತ್ತಲಲ್ಲಿ ಬೋರಲು ಬಿದ್ದಿದ್ದ ಬೀಸುವ ಕಲ್ಲನ್ನು ತೊಳೆದು, ಕುಟ್ಟಿಸಿ, ಪಡಸಾಲೆಗೆ ತಂದರು. ಈಗ ವಾರಕ್ಕೆರಡು ಸಲ ಅತ್ತೆ, ಸೊಸೆ ಎದುರುಬದುರಾಗಿ ಕುಳಿತು ಬೀಸುತ್ತಾರೆ. ಪೇಟೆಯ ಇಂಗಿನಲ್ಲಿ ಮೈದಾ ಬೆರೆತಿರುವುದುಂಟು, ರವೆ, ಶಾವಿಗೆ, ಮಾಲ್ಟಿನ ಪುಡಿ ಇವೆಲ್ಲ ಗೋಧಿ, ಬಾರ್ಲಿಗಳ ರೂಪಾಂತರಗಳೇ ಎಂಬುದನ್ನೂ ಆ ಮನೆಯವರು ಕಲಿತಿದ್ದಾರೆ.

ಆಯ್ದುಕೊಂಡದ್ದು ಏನು? ಧಾನ್ಯವಿಲ್ಲದೆಯೂ ಸಿಹಿ ಬೇಯಿಸಬಹುದೆಂಬ ಉಪಾಯವನ್ನು. ವಿಚಾರಿಸಿ ನೋಡಿದರೆ ಇದು ನಮಗೆ ಹೊಸತಲ್ಲ. ಗೋಕಾಕ, ಅಮೀನಗಡಗಳ ಕರದಂಟಿನಲ್ಲಿ ಧಾನ್ಯವೆಲ್ಲಿದೆ? ಬಾಣಂತಿಗೆ ಕಟ್ಟುವ ಅಂಟಿನ ಉಂಡಿಯಲ್ಲಿ ಇರುವುದೇನು? ಅಂಟನ್ನು ಸ್ವಲ್ಪ ಸ್ವಲ್ಪವಾಗಿ ತುಪ್ಪದಲ್ಲಿ ಸಣ್ಣ ಉರಿಯ ಮೇಲೆ ಅರಳುವಂತೆ ಕರಿಯುವುದು. ಉರಿ ಹೆಚ್ಚಾದರೆ ಒಳಗೆ ಹಸಿ ಉಳಿದು ಹಲ್ಲಿಗೆ ಅಂಟುತ್ತದೆ. ಅದಕ್ಕೆ ಹುರಿದ ಒಣಕೊಬ್ಬರಿ, ಕುಟ್ಟಿದ ಉತ್ತತ್ತಿ, ಬಾದಾಮಿ, ಗೋಡಂಬಿ, ಗಸಗಸೆ, ಏಲಕ್ಕಿ, ಜಾಜಿಕಾಯಿ. ಕೂಡಿಸಲು ಬೆಲ್ಲದ ಪಾಕ. ಲಿಂಗಾಯತ ಧರ್ಮವು ಜನನಸೂತಕವನ್ನು ಒಪ್ಪದು. ಪಂಚಸೂತಕಗಳನ್ನು ಶರಣರು ನಿರಾಕರಿಸಿದರು. ಆದುದರಿಂದ ಬಾಣಂತಿಯ ಕೋಣೆಯ ಉಂಡಿ ಮನೆಯ ಮಕ್ಕಳೆಲ್ಲರ ಕೈಗೂ ಬರುತ್ತದೆ. ಶಿವರಾತ್ರಿಯ ಉಪವಾಸದ ಶೇಂಗಾ ಉಂಡಿ, ಸಂಕ್ರಾಂತಿಯ ಎಳ್ಳುಬೆಲ್ಲ ಇವೂ ಅದೇ ಜಾತಿಯವು.

ಅಜ್ಜಿಗೆ ಹೊಳೆದದ್ದು ಸರಳವಾದ ವಿಚಾರ. ಶೇಂಗಾ ಹೋಳಿಗೆಯಲ್ಲಿ ಗೋಧಿ ಇರುವುದು ಹೊರಗಿನ ಕಣಕದಲ್ಲಿ ಮಾತ್ರ. ಒಳಗಿನ ಹೂರಣ ಬರಿಯ ಶೇಂಗಾ, ಬೆಲ್ಲ. ಕಣಕವನ್ನು ಬಿಟ್ಟು ಹೂರಣವನ್ನೇ ಬೇಯಿಸಿದರೆ ಹೇಗೆ? ಅವರು ಮಾಡಿದ ಕ್ರಮವನ್ನು ಸೋದರಿಯರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತೇವೆ.

ಶೇಂಗಾವನ್ನು ಹದವಾಗಿ ಹುರಿದು, ಸಿಪ್ಪೆ ತೆಗೆದು, ಪೂರ್ಣ ಆರಿದ ಮೇಲೆ ತಡೆತಡೆದು ಪುಡಿಮಾಡಬೇಕು. ಒಂದೇ ಸಮನೆ ತಿರುವಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಎರಡು ಬಟ್ಟಲು ಪುಡಿಗೆ ಮುಕ್ಕಾಲು ಬಟ್ಟಲು ಸಣ್ಣಗೆ ಹೆರೆದ ಬೆಲ್ಲ, ಒಂದು ಚಮಚ ಹುರಿದ ಗಸಗಸೆ, ಏಲಕ್ಕಿ, ಚಿಟಿಕೆ ಉಪ್ಪು ಹಾಕಿ, ಹಿಡಿ ಕಟ್ಟುವಷ್ಟು, ಸುಮಾರು ಮೂರು ದೊಡ್ಡ ಚಮಚ, ತುಪ್ಪ ಬೆರೆಸಬೇಕು. ನೀರು ಬೇಡ. ಅರ್ಧ ಬೆರಳು ದಪ್ಪದ ಬಿಲ್ಲೆಗಳನ್ನು ತಟ್ಟಿ, ತುಪ್ಪ ಸವರಿದ ತಟ್ಟೆಯಲ್ಲಿ ಜೋಡಿಸಬೇಕು. ಓವನ್ ಇದ್ದವರು ೧೭೦ ಡಿಗ್ರಿಯಲ್ಲಿ ೧೨ರಿಂದ ೧೫ ನಿಮಿಷ ಬೇಯಿಸಬಹುದು. ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳಷ್ಟು ತೊಳೆದು ಒಣಗಿಸಿದ ಮರಳನ್ನು ಹರವಿ, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಮೇಲೊಂದು ಸಿಂಬೆಯಿಟ್ಟು ತಟ್ಟೆಯನ್ನು ಇಳಿಸಿ, ಮತ್ತೆ ಮುಚ್ಚಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಇಡಬೇಕು. ಬೆಲ್ಲವು ಬೇಗ ಕರಕಾಗುವುದರಿಂದ ತಳದ ಕಡೆ ಗಮನವಿರಲಿ. ತೆಗೆದ ಕೂಡಲೇ ಮುಟ್ಟಿದರೆ ಬಿಲ್ಲೆ ಪುಡಿಯಾಗುತ್ತದೆ; ಆರಿದ ಮೇಲೆ ಗಟ್ಟಿಯಾಗುತ್ತದೆ.

ಕಟ್ಟುನಿಟ್ಟಾದ ಶಿಲಾಯುಗದ ಪಥ್ಯದವರು ಇದನ್ನೂ ಒಪ್ಪರು. ಶೇಂಗಾ ದ್ವಿದಳ ಜಾತಿಯದು, ಬೆಲ್ಲ ಸಕ್ಕರೆಯ ಬಂಧು ಎನ್ನುತ್ತಾರೆ. ಅಂಥವರು ಬಾದಾಮಿ ಮತ್ತು ಕೊಬ್ಬರಿಯ ಪುಡಿಗೆ ಅರೆದ ಖರ್ಜೂರ ಸೇರಿಸಿ ಇದೇ ಕ್ರಮದಲ್ಲಿ ಮಾಡಬಹುದು. ಆ ಪುಸ್ತಕಗಳಲ್ಲಿ ಹಿಟ್ಟನ್ನು ಹಿಡಿದಿಡಲು ಮೊಟ್ಟೆಯನ್ನು ಹೇಳಿರುತ್ತಾರೆ. ಶಾಕಾಹಾರಿಗಳಾದ ನಮ್ಮ ಮನೆಗಳಲ್ಲಿ ಖರ್ಜೂರವೋ ಮಾಗಿದ ಬಾಳೆಹಣ್ಣೋ ಆ ಕೆಲಸವನ್ನು ಮಾಡುತ್ತದೆ. ಧಾನ್ಯವಿಲ್ಲವೆಂದ ಮಾತ್ರಕ್ಕೆ ಸಿಹಿಮೂತ್ರ ರೋಗಿಗಳು ಇದನ್ನು ನಿರ್ಭಯವಾಗಿ ತಿನ್ನಬಹುದೆಂದು ಭಾವಿಸಬಾರದು. ಬೆಲ್ಲವೂ ಖರ್ಜೂರವೂ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಅಲ್ಲದೆ, ಮಗುವಿಗೆ ಗೋಧಿ ಒಗ್ಗದೆಂಬ ಸಂಶಯ ಬಂದವರು ತಾವಾಗಿಯೇ ಗೋಧಿಯನ್ನು ನಿಲ್ಲಿಸಬಾರದು. ಮೊದಲು ಪರೀಕ್ಷೆ ಮಾಡಿಸಬೇಕು. ಗೋಧಿ ಬಿಟ್ಟ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ರೋಗ ಕಾಣಿಸದೆ ಹೋಗಬಹುದು.

ಎಳ್ಳಮಾವಾಸ್ಯೆಯ ದಿನ ಬಂಡಿ ಹೊಲ ಮುಟ್ಟಿತು. ಕಬ್ಬಿನ ಗದ್ದೆಗಳ ನಡುವೆ ಆ ಮನೆಯವರು ಮನೆಬಳಕೆಗೆಂದು ಉಳಿಸಿಕೊಂಡ ಎರಡೆಕರೆ ಜೋಳ ಹಾಲುಗಾಳಿನಲ್ಲಿತ್ತು. ಚರಗವಾಯಿತು, ಪಂಕ್ತಿ ಕುಳಿತಿತು. ಆ ವರ್ಷ ಅಜ್ಜಿ ಹೋಳಿಗೆಯನ್ನು ಮಾಡಿಸಿರಲೇ ಇಲ್ಲ. ಹಿರಿಯರಿಗೂ ಕಿರಿಯರಿಗೂ, ಅತಿಥಿಗಳಾದ ನಮಗೂ ಎಲೆಗೆ ಬಿದ್ದದ್ದು ಅದೇ ಶೇಂಗಾ ಬಿಲ್ಲೆ. ಮಗುವಿಗಾಗಿ ಬೇರೆ ಮಾಡಿದ್ದು ಎಂಬ ಮಾತೇ ಅಲ್ಲಿ ಹುಟ್ಟಲಿಲ್ಲ. ಆ ಬಾಲೆ ಎರಡನೆಯ ಬಿಲ್ಲೆಯನ್ನು ಕೇಳಿ ಹಾಕಿಸಿಕೊಂಡಳು.

ಅನ್ನವನ್ನು ಪ್ರಸಾದವೆಂದು ಸ್ವೀಕರಿಸುವ ಸಮಾಜ ನಮ್ಮದು. ಪ್ರಸಾದವು ಎಲ್ಲರಿಗೂ ಸಲ್ಲಬೇಕು. ನಮ್ಮ ಮಠಗಳ ದಾಸೋಹದಲ್ಲಿ, ಮದುವೆ, ಜಾತ್ರೆಗಳ ಪಂಕ್ತಿಯಲ್ಲಿ, ಗೋಧಿ ಒಗ್ಗದ ಒಂದು ಮಗುವೂ ಇರಬಹುದೆಂಬ ಅರಿವು ಬಡಿಸುವವರಿಗಿರಲಿ. ಗೋಧಿಯ ಸೌಟು ತಾಗದ ಒಂದು ಪಾತ್ರೆ ಅನ್ನ, ಶುದ್ಧವಾಗಿ ಬೀಸಿದ ಜೋಳದ ನಾಲ್ಕು ರೊಟ್ಟಿ, ಒಂದು ಡಬ್ಬಿ ಶೇಂಗಾ ಉಂಡಿ ಇಷ್ಟನ್ನು ಬೇರೆಯಾಗಿ ತೆಗೆದಿರಿಸಲು ಹೆಚ್ಚಿನ ವೆಚ್ಚವಿಲ್ಲ. ಮುಂದಿನ ಹಬ್ಬಕ್ಕೆ ಬುತ್ತಿ ಕಟ್ಟುವ ತಾಯಂದಿರು ಇದನ್ನು ನೆನಪಿನಲ್ಲಿಡಲೆಂದು ನಮ್ಮ ಪ್ರಾರ್ಥನೆ.