ಬಿಟ್ಟುಹೋದ ಅಕ್ಷರಗಳು

ಜೈನ ಶಾಸನಗಳ ಪಾಠಗಳನ್ನು ವರ್ಡ್‌ಪ್ರೆಸ್ ತಾಣವೊಂದರಲ್ಲಿ ಸಂಗ್ರಹಿಸುತ್ತಿದ್ದ ಸಂಶೋಧಕಿಯೊಬ್ಬರಿಗೆ ಅದರ ಥೀಮ್ ಕಡತಗಳೇ ತೊಡಕಾಗಿದ್ದವು. ಅಲ್ಲಿ ಪಿಎಚ್‌ಪಿ ಆದೇಶಗಳೂ ಎಚ್‌ಟಿಎಂಎಲ್ ಗುರುತುಗಳೂ ಒಂದೇ ಕಡತದಲ್ಲಿ ಹೆಣೆದುಕೊಂಡಿರುತ್ತವೆ; ಶಾಸನದ ಕಾಲವನ್ನು ಸೂಚಿಸುವ ಸಾಲನ್ನು ಮೇಲಕ್ಕೆ ಸರಿಸಬೇಕಾದರೂ ಆದೇಶಗಳ ನಡುವೆ ಕೈಯಾಡಿಸಬೇಕು. ಆದುದರಿಂದ ಅವರು ಟಿಂಬರ್ ಎಂಬ ಪ್ಲಗಿನ್ನನ್ನು ಅಳವಡಿಸಿದರು. ಅದರ ಮೂಲಕ ಟ್ವಿಗ್ ಎಂಬ ಟೆಂಪ್ಲೇಟ್ ಎಂಜಿನ್ ವರ್ಡ್‌ಪ್ರೆಸ್ಸಿಗೆ ಒದಗುತ್ತದೆ. ಡ್ರೂಪಲ್ 2015ರಲ್ಲಿ ತನ್ನ 8ನೆಯ ಆವೃತ್ತಿಯಲ್ಲಿ ಇದೇ ಟ್ವಿಗ್ಗನ್ನು ಒಳಗೊಂಡಿತು. ಮಾಹಿತಿಯನ್ನು ತರುವುದು ಪಿಎಚ್‌ಪಿಯ ಕೆಲಸ, ತೋರಿಸುವುದು ಟ್ವಿಗ್ಗಿನದು. ಪ್ಲಗಿನ್ ಹಾಕಲು ಕೆಲವು ನಿಮಿಷ ಸಾಕಾದವು. ಟೆಂಪ್ಲೇಟುಗಳನ್ನು ಹೊಸದಾಗಿ ಬರೆಯಲು ವಾರಗಳು ಹಿಡಿದವು.

ಪುಟಗಳು ಅಂದವಾಗಿಯೇ ಮೂಡಿದವು. ಆದರೆ ಟಿಪ್ಪಣಿ ಪುಸ್ತಕದೊಂದಿಗೆ ಹೋಲಿಸಿದಾಗ, ರೋಮನ್ ಲಿಪ್ಯಂತರದ ಸಾಲೊಂದರಲ್ಲಿ ‘ಸ್ವಸ್ತಿ’ ಎಂದಿರಬೇಕಾದಲ್ಲಿ ‘ಸ್ವ’ ಮಾತ್ರ ಉಳಿದಿತ್ತು. ಕೆಳಗಿನ ಕನ್ನಡ ಸಾಲು ಪೂರ್ಣವಾಗಿತ್ತು. ಮತ್ತೊಂದೆಡೆ ರೋಮನ್ನಿನ ‘ಶ್ರೀ’ಯೂ ಉಳಿದಿತ್ತು.

1931ರ ಲೈಡನ್ ಪದ್ಧತಿಯಲ್ಲಿ, ಕಂಡರಿಸಿದವನು ಕೈತಪ್ಪಿ ಬಿಟ್ಟ ಅಕ್ಷರಗಳನ್ನು ಸಂಪಾದಕರು ಕೋನಾಕಾರದ ಆವರಣದಲ್ಲಿ ತುಂಬುತ್ತಾರೆ. ಅವರೂ ಹಾಗೆಯೇ ತುಂಬಿದ್ದರು. ಎಚ್‌ಟಿಎಂಎಲ್ ಗುರುತುಗಳೂ ಅದೇ ಚಿಹ್ನೆಯಿಂದ ಆರಂಭವಾಗುತ್ತವೆ. ಅದರ ಬೆನ್ನಿಗೇ ಸಾದಾ ರೋಮನ್ ಅಕ್ಷರ ಬಂದರೆ ಬ್ರೌಸರು ಅದನ್ನು ಗುರುತೆಂದು ಭಾವಿಸಿ ಮರೆಮಾಡುತ್ತದೆ. ಕನ್ನಡದ ಅಕ್ಷರವೋ ‘ಶ್ರೀ’ಯ ಮೊದಲಲ್ಲಿರುವಂತಹ ಸ್ವರಚಿಹ್ನಿತ ಅಕ್ಷರವೋ ಬಂದರೆ ಹಾಗೆಯೇ ತೋರಿಸುತ್ತದೆ. ಕಂಡರಿಸಿದವನು ಬಿಟ್ಟದ್ದನ್ನು ಯಂತ್ರವೂ ಬಿಟ್ಟಿತ್ತು!

ಟ್ವಿಗ್ ತಾನಾಗಿ ಇಂತಹ ಚಿಹ್ನೆಗಳನ್ನು ನಿರಪಾಯಕಾರಿ ರೂಪಕ್ಕೆ ಬದಲಿಸುತ್ತದೆ. ಟಿಂಬರ್ ಆ ರಕ್ಷಣೆಯನ್ನು ಮೊದಲಿಂದಲೇ ಆರಿಸಿಟ್ಟಿರುತ್ತದೆ. ವರ್ಡ್‌ಪ್ರೆಸ್ಸಿನ ಲೇಖನಗಳು ಎಚ್‌ಟಿಎಂಎಲ್ ಸಮೇತ ಬರುವುದನ್ನು ನೆನೆದರೆ ಇದು ಅಕಾರಣವಲ್ಲ. ಎಲ್ಲೆಡೆ ರಕ್ಷಣೆ ಹಚ್ಚಿದರೆ ಲೇಖನದ ಗುರುತುಗಳೇ ಪುಟದ ಮೇಲೆ ಕಾಣಿಸಿಕೊಳ್ಳುತ್ತವೆ. ಹಳೆಯ ಥೀಮ್‌ನಲ್ಲಿ ಈ ಎಚ್ಚರವನ್ನು ಪಿಎಚ್‌ಪಿ ಆದೇಶವೊಂದು ವಹಿಸಿತ್ತು. ಅದು ಹೊಸ ಟೆಂಪ್ಲೇಟಿಗೆ ದಾಟಿರಲಿಲ್ಲ. ಶಾಸನಪಾಠದ ಅಂಕಣಗಳಿಗೆ ಮಾತ್ರ ಒಂದು ನಿಲುಗೀಟನ್ನೂ ‘ಇ’ ಎಂಬ ಇಂಗ್ಲಿಷ್ ಅಕ್ಷರವನ್ನೂ ಸೇರಿಸಿದೊಡನೆ ‘ಸ್ತಿ’ ಮರಳಿತು. ದತ್ತಸಂಚಯದಲ್ಲಿ ಅದು ಒಮ್ಮೆಯೂ ಅಳಿದಿರಲಿಲ್ಲ. ಆದರೆ ಪುಟವನ್ನು ನೋಡಿ ಉದ್ಧರಿಸುವ ವಿದ್ಯಾರ್ಥಿಗೆ ದತ್ತಸಂಚಯ ಕಾಣುವುದಿಲ್ಲ. ಅವನು ಕಂಡರಿಸಿದವನ ದೋಷವನ್ನೇ ಸಂಪಾದಿತ ಪಾಠವೆಂದು ಬರೆದುಕೊಳ್ಳುತ್ತಿದ್ದ.

ಟಿಂಬರಿನ 2ನೆಯ ಆವೃತ್ತಿ ಪ್ಲಗಿನ್ನಾಗಿ ದೊರೆಯುವುದಿಲ್ಲ; ಕಂಪೋಸರ್ ಮೂಲಕವೇ ಅಳವಡಿಸಬೇಕು. ಆ ಬದಲಾವಣೆಗೆ ಮುನ್ನ ಅವರು ಕೋನಾವರಣವಿರುವ ಸಾಲುಗಳನ್ನೆಲ್ಲ ಪಟ್ಟಿ ಮಾಡಿ, ಟಿಪ್ಪಣಿ ಪುಸ್ತಕದ ಮೊದಲ ಹಾಳೆಗೆ ಅಂಟಿಸಿಕೊಂಡರು.