ಟಿಕ್ ಎಂದರೆ ಸಾಲದು

ನನ್ನ ಉಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯಲ್ಲಿರಬೇಕು. ಅದಕ್ಕಾಗಿಯೇ ನಾನು ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತೆ, ಒಂದು ಹಳೆಯ ಕಾರನ್ನೂ ಕೊಂಡೆವು. ಕಳೆದ ಮಳೆಗಾಲದಲ್ಲಿ ಅದು ಕೈಕೊಡತೊಡಗಿತು. ಕೀಲಿ ತಿರುಗಿಸಿದರೆ ಎಂಜಿನ್ ತಿರುಗುತ್ತಿತ್ತು, ಸ್ಟಾರ್ಟ್ ಮಾತ್ರ ಆಗುತ್ತಿರಲಿಲ್ಲ. ಗ್ಯಾರೇಜಿನವರು ಪೆಟ್ರೋಲ್ ಪಂಪು ಹೋಗಿದೆ ಎಂದರು. ಹೊಸದು ಹಾಕಿಸಿದೆವು. ನನ್ನ ಸಂಬಳದ ಅರ್ಧ ಅದಕ್ಕೇ ಹೋಯಿತು. ಮೂರು ವಾರ ಕಳೆಯುವಷ್ಟರಲ್ಲಿ ಒಂದು ಮಂಗಳವಾರ ಅದೇ ಕಥೆ. ಉಮ್ಮನನ್ನು ಮಳೆಯಲ್ಲಿ ಆಟೋ ಹತ್ತಿಸುವಾಗ ನನಗೆ ಅಳು ಬಂತು.

ನನ್ನ ಅಣ್ಣ ದಮ್ಮಾಮಿನಲ್ಲಿ ಆಟೋ ಎಲೆಕ್ಟ್ರೀಷಿಯನ್. ಏಳನೇ ತರಗತಿಗೆ ಶಾಲೆ ಬಿಟ್ಟವನು. ಮದ್ರಸದಲ್ಲಿ ಕಲಿತ ನಾನು ಮದುವೆಯಾದ ಮೇಲೆ ಬಿ.ಎ. ಮಾಡಿದ್ದು ಅವನು ಕಳುಹಿಸಿದ ದುಡ್ಡಿನಲ್ಲಿ. "ಇನ್ನು ಯಾವುದನ್ನೂ ಬದಲಾಯಿಸಬೇಡ, ಮೊದಲು ಪರೀಕ್ಷಿಸು" ಎಂದ. ಯಾರು ಪರೀಕ್ಷಿಸುವುದು? "ನೀನೇ!"

ಗುರುವಾರ ಅಸರ್ ನಮಾಝ್ ಆದ ಮೇಲೆ, ಅಲ್ಲಿ ಅವನಿಗೆ ಊಟದ ಬಿಡುವು, ವೀಡಿಯೋ ಕಾಲ್‌ನಲ್ಲಿ ನನ್ನ ಪಾಠ ಶುರುವಾಯಿತು. ಕೈಯಲ್ಲಿ ಮುನ್ನೂರು ರೂಪಾಯಿಯ ಮಲ್ಟಿಮೀಟರ್.

ಕೀಲಿಯನ್ನು ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡು ಪಂಪಿನ ಗುಂಯ್‌ಗುಟ್ಟುವಿಕೆ ಕೇಳಬೇಕಂತೆ. ಕೇಳಲಿಲ್ಲ. ಆದರೆ ರಿಲೇ ಮೇಲೆ ಬೆರಳಿಟ್ಟರೆ ಟಿಕ್ ಎಂದಿತು. "ರಿಲೇ ಸರಿಯಿದೆ" ಎಂದೆ. ಅಣ್ಣ ನಕ್ಕ. "ಹೂಂ ಅಂದ ಮಾತ್ರಕ್ಕೆ ಕೆಲಸ ಆಯಿತೇ?"

ರಿಲೇ ಅಂದರೆ ನಮ್ಮ ಶಾಲೆಯ ರಿಲೇ ಓಟದ ಹಾಗೆಯೇ. ಕಾರಿನ ಕಂಪ್ಯೂಟರ್‌ನಿಂದ ಬರುವ ಸಣ್ಣ ವಿದ್ಯುತ್ತು ಒಳಗಿನ ಸುರುಳಿಯನ್ನು ಅಯಸ್ಕಾಂತವಾಗಿಸುತ್ತದೆ. ಅದು ಒಂದು ಪಟ್ಟಿಯನ್ನು ಎಳೆದು ಪಂಪಿಗೆ ಬೇಕಾದ ದೊಡ್ಡ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಟಿಕ್ ಎನ್ನುವುದು ಆ ಪಟ್ಟಿಯ ಸದ್ದು. ದಾರಿ ತೆರೆಯಿತೋ ಇಲ್ಲವೋ ಅದು ಹೇಳುವುದಿಲ್ಲ.

ರಿಲೇ ಕಿತ್ತೆ. 85 ಮತ್ತು 86 ಎಂಬ ಕಾಲುಗಳ ನಡುವೆ ಸುರುಳಿ. ಮೀಟರ್ 82 ಓಮ್ ತೋರಿಸಿತು. ನೂರರ ಆಸುಪಾಸಿನೊಳಗೆ ಇದ್ದರೆ ಸರಿ ಎಂದ. 30 ಮತ್ತು 87ರ ನಡುವೆ ಸಂಪರ್ಕವೇ ಇಲ್ಲ, ಇರಲೂಬಾರದು. ಎರಡು ವಯರಿನಿಂದ ಸುರುಳಿಗೆ ಬ್ಯಾಟರಿ ಕೊಟ್ಟಾಗ ಟಿಕ್, ಮೀಟರ್ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ರಿಲೇ ನಿರಪರಾಧಿ!

ಈಗ ಅದು ಕೂರುವ ಸಾಕೆಟ್. 30ರ ಗುಂಡಿಯಲ್ಲಿ 12.4 ವೋಲ್ಟ್. ನಾನು ಖುಷಿಯಿಂದ ಹೇಳಿದೆ. ಅವನಿಗೆ ತೃಪ್ತಿಯಿಲ್ಲ. ಹಳೆಯ ಇಂಡಿಕೇಟರ್ ಬಲ್ಬನ್ನು ಅಲ್ಲಿಂದ ಕಾರಿನ ಲೋಹಕ್ಕೆ ಜೋಡಿಸಿ ನೋಡು ಎಂದ. ಬಲ್ಬು ಮಿಣುಕಿತಷ್ಟೇ, ಮೀಟರ್ 4ಕ್ಕೆ ಬಿತ್ತು. ಒಂದೇ ಎಳೆ ಉಳಿದ ವಯರೂ ಸುಮ್ಮನಿದ್ದಾಗ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಭಾರ ಹೊರಿಸಿದಾಗ ಅದರ ಬಣ್ಣ ಬಯಲಾಗುತ್ತದೆ. (ಕಂಪ್ಯೂಟರ್ ಕಡೆಗೆ ಹೋಗುವ ತಂತಿಗೆ ಬಲ್ಬು ತಾಗಿಸಲೇಬೇಡ, ಅದು ಸುಟ್ಟೀತು ಎಂದು ಮೂರು ಸಲ ಎಚ್ಚರಿಸಿದ.)

ಅದೇ ಬಲ್ಬು ಫ್ಯೂಸಿನ ಬಳಿ ಝಗ್ಗೆಂದಿತು. ಅಂದರೆ ರೋಗ ಫ್ಯೂಸಿಗೂ ರಿಲೇಗೂ ನಡುವೆ. ಬ್ಯಾಟರಿ ತಟ್ಟೆಯ ಕೆಳಗೆ ಹಾದುಹೋಗುವ ವಯರನ್ನು ಚಿವುಟುತ್ತಾ ಹೋದೆ. ಒಂದು ಕಡೆ ಬತ್ತಿಯ ಹಾಗೆ ಮೆತ್ತಗಿತ್ತು. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೊಯ್ದು ನೋಡಿದರೆ ಒಳಗೆ ತಾಮ್ರವೇ ಇಲ್ಲ, ಹಸಿರು ಪುಡಿ. ಪಂಪು ಹಾಕುವಾಗ ಎಲ್ಲೋ ಅಲುಗಾಡಿ ಮೂರು ವಾರ ನಡೆಸಿರಬೇಕು, ಅಷ್ಟೇ.

ಪಕ್ಕದ ಮನೆಯ ಎಲೆಕ್ಟ್ರಿಕ್ ಕೆಲಸದ ಹುಡುಗ ಅದೇ ದಪ್ಪದ ವಯರ್ ತಂದು ಬೆಸುಗೆ ಹಾಕಿಕೊಟ್ಟ. ಎಂಭತ್ತು ರೂಪಾಯಿ ತೆಗೆದುಕೊಂಡ.

ಕೀಲಿ ತಿರುಗಿಸುವ ಮೊದಲು ಅಣ್ಣ ಫೋನನ್ನು ಹಿಂದಿನ ಸೀಟಿನ ಮೇಲಿಡಲು ಹೇಳಿದ. ಇಟ್ಟೆ. ಗುಂಯ್ ಎಂದಿತು.

"ಕೇಳಿಸಿತಾ?"

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಉಮ್ಮನನ್ನು ನಾಳೆ ಇದೇ ಸೀಟಿನಲ್ಲಿ ಕೂರಿಸುವುದಲ್ವಾ?" ಎಂದ.