ಹಿಂದಿನ ಸೀಟು

ನಮ್ಮ ಮನೆಗಳಲ್ಲಿ ಹಳೆಯ ವಸ್ತುಗಳಿಗೆ ಎರಡೇ ಗತಿ. ಹಿತ್ತಾಳೆ, ತಾಮ್ರದವಾದರೆ ಹುಣಿಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಹಬ್ಬಕ್ಕೆ ಹೊರಬರುತ್ತವೆ. ಕಬ್ಬಿಣದವಾದರೆ ತಕ್ಕಡಿ ಏರುತ್ತವೆ. ಬೀಸುವ ಕಲ್ಲನ್ನು ಇಂದಿಗೂ ಹಿತ್ತಲಲ್ಲಿ ಜೋಪಾನ ಮಾಡುವ ನಾವು ಮೋಟಾರ್ ಸೈಕಲ್ಲಿನ ವಿಷಯದಲ್ಲಿ ಮಾತ್ರ ನಿಷ್ಕರುಣಿಗಳು. ಅದು ಗಂಡಸರ ವಸ್ತು, ಅದರ ಉಸಾಬರಿ ನಮಗೇಕೆ ಎಂಬ ಭಾವನೆಯಿರಬಹುದು. ಗಂಡಸರಿಗೋ, ಹೊಸದು ಮನೆಗೆ ಬಂದ ದಿನವೇ ಹಳೆಯದು ಮರೆತಿರುತ್ತದೆ.

ತಿಪಟೂರಿನ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಅಂಥದೊಂದು ಬೈಕು ಹದಿನೆಂಟು ವರ್ಷ ನಿಂತಿತ್ತು. 1969ರ ಜಾವಾ. ಹೈಸ್ಕೂಲು ಮೇಷ್ಟ್ರಾಗಿದ್ದ ನಮ್ಮ ಮಾವನವರದ್ದು. 2004ರಲ್ಲಿ ಅವರು ತೀರಿಕೊಂಡ ಮೇಲೆ ಅದರ ಮೇಲೆ ಮೊದಲು ಗೋಣಿಚೀಲಗಳು ಬಿದ್ದವು, ಆಮೇಲೆ ತೆಂಗಿನ ಮಟ್ಟೆಗಳು. ಕೊನೆಗೆ ಬೆಕ್ಕು ಅದರ ಸೀಟಿನ ಮೇಲೆ ಬಾಣಂತನ ಮಾಡಿಕೊಂಡಿತು. 2022ರಲ್ಲಿ ಗುಜರಿಯವನೊಬ್ಬ ಬಂದು ಕೆ.ಜಿ. ಲೆಕ್ಕದಲ್ಲಿ ಕೇಳಿದ. ನಮ್ಮವರು "ತಗೊಂಡು ಹೋಗಲಿ ಬಿಡೆ, ಜಾಗವಾದರೂ ಆಗುತ್ತೆ" ಎಂದರು. ಬೆಂಗಳೂರಿನ ಮೈದುನನೂ ಫೋನಿನಲ್ಲಿ ಅದನ್ನೇ ಹೇಳಿದ. ಎಂಬತ್ತರ ಅಂಚಿನಲ್ಲಿದ್ದ ಅತ್ತೆ ಮಾತ್ರ ಏನೂ ಹೇಳದೆ ಎದ್ದು ಒಳಗೆ ಹೋದರು. ಅವರು ಹಾಗೆ ಎದ್ದು ಹೋದರೆ ಅದಕ್ಕೊಂದು ಅರ್ಥವಿರುತ್ತದೆ ಎಂಬುದು ಮೂವತ್ತು ವರ್ಷದ ಸೊಸೆಗೆ ಗೊತ್ತು. ಗುಜರಿಯವನನ್ನು ಬರಿಗೈಯಲ್ಲಿ ಕಳಿಸಿದೆ.

ಜಾವಾ ಎಂದರೆ ಜಾವಾ ದ್ವೀಪದ್ದಲ್ಲ, ನಮ್ಮ ಮೈಸೂರಿನದು. ಹೆಸರು ಹುಟ್ಟಿದ್ದು 1929ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ. ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್ ಎಂಬ ಜರ್ಮನ್ ಕಂಪನಿಯ ಹೆಸರಿನ ಮೊದಲೆರಡು ಅಕ್ಷರ ಸೇರಿ ಜಾವಾ ಆಯಿತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಈ ಬೈಕುಗಳನ್ನು ತಯಾರಿಸಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ ಹೆಸರು ಮತ್ತೆ ಪೇಟೆಗೆ ಬಂತು. ಆದರೆ ಆ ಕಂಪನಿ ಬೇರೆ, ಎಂಜಿನ್ನೂ ಬೇರೆ. ನಮ್ಮ ಕೊಟ್ಟಿಗೆಯಲ್ಲಿದ್ದದ್ದು ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕಾದ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇದ್ದ ಹಳೆಯ ತಳಿ. ಅದರ ನಂಬರು 'ಎಂ.ವೈ.' ಎಂದು ಶುರುವಾಗುತ್ತಿತ್ತು. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದ ನಂಬರು.

ಊರಿನಲ್ಲಿ ಜಾವಾ ಬಲ್ಲ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದರು. ಅಂಗಡಿ ಮಗನಿಗೆ ಬಿಟ್ಟು ಮನೆಯಲ್ಲಿದ್ದರು. "ಕೈ ನಡುಗುತ್ತೆ ತಾಯಿ, ಬಾಯಲ್ಲಿ ಹೇಳ್ತೀನಿ, ನೀವು ಮಾಡಿ" ಎಂದರು. ಭಾನುವಾರ ಭಾನುವಾರ ಬಂದು ಕುರ್ಚಿಯಲ್ಲಿ ಕೂತು ಹೇಳಿದರು, ನಾನು ಮಾಡಿದೆ.

ಮೊದಲ ಪಾಠ, ಬಿಚ್ಚುವ ಮುಂಚೆ ಇಡುವ ಜಾಗ ಗೊತ್ತುಮಾಡಿಕೊಳ್ಳುವುದು. ಇದನ್ನು ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಹಳೆಯ ಇಡ್ಲಿ ತಟ್ಟೆಯ ಒಂದೊಂದು ಕುಳಿಯಲ್ಲಿ ಒಂದೊಂದು ಭಾಗದ ನಟ್ಟು, ಬೋಲ್ಟು ಇಟ್ಟು ಚೀಟಿ ಅಂಟಿಸಿದೆ. ಪಿಸ್ಟನ್ ತುಕ್ಕು ಹಿಡಿದು ಸಿಲಿಂಡರಿನಲ್ಲಿ ಕಚ್ಚಿಕೊಂಡಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಡೀಸೆಲ್ ಹೊಯ್ದು ಹತ್ತು ದಿನ ಬಿಟ್ಟೆವು. ಆಮೇಲೆ ಮೇಲಿನ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗಿದೆ. ಮೊದಲು ಕೂದಲೆಳೆಯಷ್ಟು, ಮರುದಿನ ಬೆರಳಷ್ಟು, ಮೂರನೆಯ ದಿನ ಒಂದು ಪೂರ್ತಿ ಸುತ್ತು. ಒದ್ದಿದ್ದರೆ ಒಳಗೆ ಮುರಿಯುತ್ತಿತ್ತು, ತೂಗಿದ್ದಕ್ಕೆ ಬಂತು.

ಪೆಟ್ರೋಲ್ ಟ್ಯಾಂಕಿನ ಒಳಗೆಲ್ಲ ತುಕ್ಕು. ಹುಣಿಸೆಹಣ್ಣು ಕಿವುಚಿದ ನೀರು ತುಂಬಿಸಿ, ಒಂದು ಹಿಡಿ ಹಳೆಯ ನಟ್ಟುಗಳನ್ನು ಹಾಕಿ ಬೆಳಿಗ್ಗೆ ಸಂಜೆ ಕುಲುಕಿದೆ. ಕೆಂಪು ನೀರು ಚೆಲ್ಲಿ, ಸೋಡಾಪುಡಿಯ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಮತ್ತೆ ತುಕ್ಕು ಹಿಡಿಯದಂತೆ ಒಳಗೆಲ್ಲ ಎಣ್ಣೆ ಸವರಿಸಿದೆ. ಎರಡೂ ಸೈಲೆನ್ಸರಿನ ಒಳನಳಿಗೆಗಳಲ್ಲಿ ಒಲೆಯ ಮಸಿಯಂತೆ ಎಣ್ಣೆಕಿಟ್ಟ ಕಟ್ಟಿತ್ತು, ಕೆರೆದು ತೆಗೆದೆ. ಕ್ಲಚ್ಚಿನ ಬಿಲ್ಲೆಗಳಲ್ಲಿ ಬಾಟಲಿಯ ಬಿರಡೆಯಂಥದೇ ಕಾರ್ಕಿನ ತುಂಡುಗಳು. ಹೊಸವನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿ, ಬೇಳೆ ನೆನೆಹಾಕುವಂತೆ ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆಹಾಕಿ ಜೋಡಿಸಿದೆ. ನಮ್ಮವರು ಮೊದಲೆರಡು ತಿಂಗಳು ನಗುತ್ತಿದ್ದರು. ಮೂರನೆಯ ತಿಂಗಳಿಂದ ಸ್ಪ್ಯಾನರ್ ಎತ್ತಿಕೊಡುತ್ತಿದ್ದರು.

ಅತ್ತೆ ದಿನಾ ಬಂದು ಒಂದಷ್ಟು ಹೊತ್ತು ನಿಂತು ನೋಡಿ ಹೋಗುತ್ತಿದ್ದರು. ಒಂದು ದಿನ ಹಿಂದಿನ ಚೈನನ್ನು ಪೂರ್ತಿ ಮುಚ್ಚುವ ತಗಡಿನ ಪೆಟ್ಟಿಗೆಯನ್ನು ತೊಳೆಯುತ್ತಿದ್ದೆ. "ಅದನ್ನ ಸರಿಯಾಗಿ ಹಾಕು ಕಣೆ. ಅದು ಇದ್ದದ್ದರಿಂದಲೇ ನಾನು ಧೈರ್ಯವಾಗಿ ಕೂರುತ್ತಿದ್ದೆ. ಒಂದು ದಿನವೂ ಸೀರೆ ಸಿಕ್ಕಿಕೊಳ್ಳಲಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು ತಮಗೆ ತಾವೇ ಎಂಬಂತೆ, "ಕೂತದ್ದೆಲ್ಲ ಒಂದೇ ಕಡೆಗೆ ಕಾಲು ಹಾಕಿಕೊಂಡು. ಮುಂದೆ ದಾರಿ ಹೇಗಿತ್ತೋ ನಾನು ನೋಡಿದವಳಲ್ಲ" ಎಂದರು.

ಬಣ್ಣದ ಕೆಲಸವೊಂದನ್ನು ಹೊರಗೆ ಕೊಟ್ಟೆವು. ಅದೇ ಕಡುಗೆಂಪು, ಅಂಚಿಗೆ ಚಿನ್ನದ ಬಣ್ಣದ ಗೆರೆ. ಏಳನೆಯ ತಿಂಗಳು ಗಾಡಿ ಸ್ಟಾರ್ಟ್ ಆಯಿತು. ಹಿತ್ತಲೆಲ್ಲ ನೀಲಿ ಹೊಗೆ, ಡುಗುಡುಗು ಸದ್ದು. ಅಕ್ಕಪಕ್ಕದವರೆಲ್ಲ ಗೋಡೆಯಾಚೆ ಇಣುಕಿದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಮೈದುನ ಬಂದದ್ದು ಮುಂದಿನ ವಾರ. ಈ ಹಳೆಯ ಜಾವಾಗಳನ್ನು ಹುಡುಕಿಕೊಂಡು ಬಂದು ಒಳ್ಳೆಯ ಬೆಲೆ ಕೊಡುವವರಿದ್ದಾರೆ ಎಂದು ಅವನಿಗೆ ಯಾರೋ ಹೇಳಿದ್ದರು. "ಅಪ್ಪನ ಗಾಡಿ ಅತ್ತಿಗೆ. ಗಂಡುಮಕ್ಕಳಿಬ್ಬರಿಗೂ ಹಕ್ಕಿದೆ. ಮಾರಿದರೆ ಅರ್ಧ ಅರ್ಧ, ಇಲ್ಲದಿದ್ದರೆ ನಾನು ಒಯ್ಯುತ್ತೇನೆ" ಎಂದ. ನಮ್ಮವರು ನೆಲ ನೋಡಿದರು. ನನ್ನ ಏಳು ತಿಂಗಳ ಮಾತು ಯಾರ ಬಾಯಲ್ಲೂ ಬರಲಿಲ್ಲ. ನಾನಾಗಿ ಎತ್ತಲು ಮನಸ್ಸಾಗಲಿಲ್ಲ.

ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು. ತಲೆಯೆತ್ತದೆ ಹೇಳಿದರು: "ನನ್ನ ತಾಯಿ ಕೊಟ್ಟ ಅವಲಕ್ಕಿ ಸರ ಎಲ್ಲಿ ಹೋಯಿತು ಅಂತ ನೀವಿಬ್ಬರೂ ಎಂದಾದರೂ ಕೇಳಿದ್ದೀರೇನಪ್ಪಾ? ಆ ಗಾಡಿಯಾಗಿ ಬಂತು. ಮೇಷ್ಟ್ರ ಸಂಬಳದಲ್ಲಿ ಜಾವಾ ಬರುತ್ತಿತ್ತೇ? ಅಪ್ಪನ ಗಾಡಿ ಅಂತ ಊರೆಲ್ಲ ಅಂದಿತು, ನಾನೂ ಅಂದೆ. ಗುಜರಿಗೆ ಹಾಕುವಾಗ ಯಾರದ್ದೂ ಆಗಿರಲಿಲ್ಲ, ಈಗ ಅಪ್ಪನದಾಯಿತೇ?"

ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಐವತ್ಮೂರು ವರ್ಷ ಅವರ ಕೊರಳಲ್ಲಿ ಆ ಸರ ಇಲ್ಲದ್ದನ್ನು ನಾವ್ಯಾರೂ ಗಮನಿಸಿರಲಿಲ್ಲ. ಮೈದುನ ಒಳ್ಳೆಯವನೇ. ಎದ್ದು ಹೋಗಿ ತಾಯಿಯ ಪಕ್ಕ ಕೂತು, "ಎಲ್ಲಿ ಸಹಿ ಹಾಕಬೇಕೋ ಹೇಳಮ್ಮ" ಎಂದ.

ಹಾಗೆ ಶುರುವಾಯಿತು ಆರ್.ಟಿ.ಓ. ಕಚೇರಿಯ ಓಡಾಟ. ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನಗಳಿಗೆಂದು 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿಯಂಥವಕ್ಕಲ್ಲದೆ ದಿನಬಳಕೆಗೆ ಓಡಿಸುವಂತಿಲ್ಲ. ಅತ್ತೆ ಒಪ್ಪಲಿಲ್ಲ. "ಗೊಂಬೆ ಕೂರಿಸೋಕೆ ಇಷ್ಟು ಕಷ್ಟಪಟ್ಟೆಯಾ? ನೀನು ಸಂತೆಗೆ ಹೋಗು ಅದರಲ್ಲಿ" ಎಂದರು. ಹಾಗಾಗಿ ಮಾಮೂಲು ನವೀಕರಣದ ದಾರಿಯನ್ನೇ ಹಿಡಿದೆವು. ಮಾವನವರ ಮರಣ ಪತ್ರ, ವಿಮೆ, ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಬದಲಿಸಲು ಫಾರಂ 31, ಗಂಡುಮಕ್ಕಳಿಬ್ಬರ ಒಪ್ಪಿಗೆ. ಅತ್ತೆ ಒಂದೊಂದು ಹಾಳೆಗೂ ನಿಧಾನವಾಗಿ ಪೂರ್ತಿ ಹೆಸರು ಬರೆದು ಸಹಿ ಮಾಡಿದರು.

ಕೆಲವು ವಾರಗಳ ಮೇಲೆ ಅಂಚೆಯಲ್ಲಿ ಕಾರ್ಡು ಬಂತು. ಕನ್ನಡಕ ಹಾಕಿಕೊಂಡು ಓದಿಸಿಕೊಂಡರು. ಮೇಲೆ ಮಾಲೀಕರ ಹೆಸರು, ಅವರದು. ಅದರ ಕೆಳಗೆ ಗಂಡನ ಹೆಸರು, ಮಾವನವರದು. ಅತ್ತೆ ಎರಡೂ ಸಾಲುಗಳ ಮೇಲೆ ಬೆರಳಾಡಿಸಿ ನಕ್ಕರು.

"ಇರಲಿ ಬಿಡೆ, ಇನ್ನು ಮೇಲೆ ಅವರು ಹಿಂದಿನ ಸೀಟಿನಲ್ಲಿ ಕೂತುಕೊಳ್ಳಲಿ."